ಒಂಬತ್ತು ಕಿಲೋ ಗಾಳಿ

"ಯಾರು ಹೇಳಿದ್ರು ನಿಂಗೆ ಅದನ್ನ ಮುಟ್ಟು ಅಂತ? ಯಾವ ದೊಣ್ಣೆನಾಯಕ ಹೇಳಿದ?"

"ಯಾರೂ ಹೇಳ್ಲಿಲ್ಲ ಅಕ್ಕಾ. ತಪ್ಪಿತ್ತು, ಸರಿ ಮಾಡ್ದೆ."

"ತಪ್ಪಿತ್ತು ಅಂತ ನಂಗೊತ್ತಿರ್ಲಿಲ್ವಾ? ಹದಿನಾಲ್ಕು ವರ್ಷದಿಂದ ನನ್ನ ಕಣ್ಣೇನು ಇಂಗಿಹೋಗಿತ್ತಾ?"

"ಗೊತ್ತಿದ್ರೆ ನೀವ್ಯಾಕೆ ಹೇಳ್ಲಿಲ್ಲ?"

ಇದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ನನ್ನ ತಂಗಿಯ ಗಂಡನಿಗೂ ನನಗೂ ನಡುವೆ ಒಂದು ಬೆಡ್‌ಶೀಟು ಇತ್ತು. ಆಸ್ಪತ್ರೆಗಳ ಬಟ್ಟೆ ಒಗೆಯುವ ಈ ಕಾರ್ಖಾನೆಯಲ್ಲಿ ನಾನು ಇಪ್ಪತ್ತೆರಡು ವರ್ಷದಿಂದ ಶೀಟು ಮಡಿಸುತ್ತಿದ್ದೇನೆ. ಇಸ್ತ್ರಿ ಯಂತ್ರ ಹನ್ನೆರಡು ಸೆಕೆಂಡಿಗೆ ಒಂದು ಶೀಟನ್ನು ಉಗುಳುತ್ತದೆ. ಇಬ್ಬರು ಎದುರುಬದುರು ನಿಂತು, ಎರಡೆರಡು ತುದಿ ಹಿಡಿದು ಎಳೆದು, ಒಬ್ಬರ ಕಡೆಗೊಬ್ಬರು ನಡೆದು ತುದಿಗೆ ತುದಿ ಸೇರಿಸಬೇಕು. ಜಗಳ ಬಂತೆಂದು ಯಂತ್ರ ನಿಲ್ಲುವುದಿಲ್ಲ. ಹಾಗಾಗಿ ನಾವು ದೂರ ಸರಿದಾಗ ಕೂಗಾಡಿ, ಹತ್ತಿರ ಬಂದಾಗ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದೆವು. ಸಿಟ್ಟಿನಲ್ಲಿ ಎಳೆದರೆ ಶೀಟು ಚೆನ್ನಾಗಿ ಬಿಗಿಯುತ್ತದೆ. ಆವತ್ತಿನ ಮಡಿಕೆಗಳಷ್ಟು ನೀಟಾದ ಮಡಿಕೆಗಳು ಆ ವರ್ಷ ಬೇರೆ ಯಾವತ್ತೂ ಬರಲಿಲ್ಲ.

ಜಗಳ ನಮ್ಮ ಭಾಷೆಯಲ್ಲಿ ನಡೆದಿತ್ತು. ಅಲ್ಲಿದ್ದ ಉಳಿದವರಿಗೆ ನಮ್ಮ ಭಾಷೆ ಬರುವುದಿಲ್ಲ. ಆದರೂ ಏನಾಗಿದೆಯೆಂದು ಎಲ್ಲರಿಗೂ ತಿಳಿದಿತ್ತು, ಯಾಕೆಂದರೆ ಬೆಳಗ್ಗೆಯಿಂದ ಎಲ್ಲರಿಗೂ ಅದೇ ತಲೆಬಿಸಿ.

ವಿಷಯ ಇಷ್ಟೇ. ಕಾರ್ಖಾನೆಯ ಹಿಂಬಾಗಿಲಲ್ಲಿ ಒಂದು ತಕ್ಕಡಿ ಇದೆ. ನೆಲಕ್ಕೆ ಹೂತ ಕಬ್ಬಿಣದ ಹಲಗೆ, ಪಕ್ಕದಲ್ಲಿ ಆಳೆತ್ತರದ ಕಂಬ, ಕಂಬದ ತಲೆಯಲ್ಲಿ ಗಡಿಯಾರದಂಥ ಮುಖ, ಅದರಲ್ಲೊಂದು ಮುಳ್ಳು. ಆಸ್ಪತ್ರೆಗಳಿಂದ ಬಂದ ಕೊಳೆ ಬಟ್ಟೆಯನ್ನು ಮೂಟೆ ಮೂಟೆಯಾಗಿ ಆ ಹಲಗೆಯ ಮೇಲೆ ಹೇರಿ, ತೂಕ ನೋಡಿ, ಬರೆದುಕೊಂಡು, ಒಗೆಯಲು ಕಳಿಸುತ್ತಾರೆ. ದಿನಕ್ಕೆ ಎರಡು ಸಾವಿರ ಕಿಲೋ ಮುಗಿಸಬೇಕೆಂದು ಮೇಲಿನವರ ಕಟ್ಟಪ್ಪಣೆ. ಹದಿನಾಲ್ಕು ವರ್ಷದ ಹಿಂದೆ ಒಂದು ಲಾರಿ ಹಿಂದಕ್ಕೆ ಬರುವಾಗ ಆ ಕಂಬಕ್ಕೆ ಗುದ್ದಿತು. ಆವತ್ತಿನಿಂದ ಹಲಗೆಯ ಮೇಲೆ ಏನೂ ಇಲ್ಲದಿದ್ದರೂ ಮುಳ್ಳು ಒಂಬತ್ತರ ಮೇಲೆ ನಿಲ್ಲುತ್ತಿತ್ತು. ನಲವತ್ತೊಂದು ಕಿಲೋ ಬಟ್ಟೆ ಹೇರಿದರೆ ಐವತ್ತು ಎನ್ನುತ್ತಿತ್ತು. ದಿನಕ್ಕೆ ನಲವತ್ತು ಹೇರು. ಗುಣಾಕಾರ ನಾನು ಊರ ಶಾಲೆಯಲ್ಲಿ ಏಳನೇ ತರಗತಿವರೆಗೆ ಕಲಿತಿದ್ದೇನೆ. ಮುನ್ನೂರ ಅರವತ್ತು ಕಿಲೋ ಗಾಳಿಯನ್ನು ನಾವು ದಿನಾ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಕಳಿಸುತ್ತಿದ್ದೆವು. ಗಾಳಿ ಒಗೆಯಲು ಹೊತ್ತು ಹಿಡಿಯುವುದಿಲ್ಲವಾದ್ದರಿಂದ ಮೂರು ಗಂಟೆಗೆ ನಮ್ಮ ಕೆಲಸ ಮುಗಿದು, ನಾಲ್ಕರ ಗಂಟೆ ಹೊಡೆಯುವವರೆಗೆ ಒಣಗಿಸುವ ಕೋಣೆಯ ಪಕ್ಕದ ಬೆಂಚಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು.

ಆ ಬೆಂಚಿನ ಬಗ್ಗೆ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಮತ್ತು ನನ್ನ ಗಂಡ ಈ ದೇಶಕ್ಕೆ ಬಂದಾಗ ನನಗೆ ಇಲ್ಲಿಯ ಭಾಷೆಯ ಒಂದಕ್ಷರ ಬರುತ್ತಿರಲಿಲ್ಲ. ಎಂಟು ವರ್ಷ ಕಲಿತೆ. ಎಲ್ಲರೂ ಎಷ್ಟು ಚೆನ್ನಾಗಿ ಮಾತಾಡುತ್ತೀ ಎಂದು ಹೊಗಳಿದರು, ಬೆಂಚಿನ ಮೇಲೆ ಮಾತ್ರ ಯಾರೂ ಜಾಗ ಬಿಡಲಿಲ್ಲ. ನಾನು ಚಹಾದ ಲೋಟ ಹಿಡಿದು ಪಕ್ಕದ ಸೋಪಿನ ಡ್ರಮ್ಮಿನ ಮೇಲೆ ಕೂರುತ್ತಿದ್ದೆ. ಲಾರಿ ಗುದ್ದಿದ ದಿನ ಮೊದಲು ಮುಳ್ಳು ನೋಡಿದವಳು ನಾನೇ. ನೋಡಿ, ತಲೆಯೆತ್ತಿದೆ. ಇಸ್ತ್ರಿ ಯಂತ್ರದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಮಧ್ಯಾಹ್ನ ಅವಳು ಬೆಂಚಿನ ಮೇಲೆ ಒಂದು ಗೇಣು ಸರಿದು ಕೂತು, ಖಾಲಿಯಾದ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಎಂಟು ವರ್ಷ ಮಾತು ಕಲಿತು ಆಗದ್ದು ಒಂದು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ ಆಯಿತು.

ಆ ಹೆಂಗಸಿಗೆ ಈಗ ವಯಸ್ಸಾಗಿದೆ, ನಾವೆಲ್ಲ ಅಜ್ಜಿ ಎನ್ನುತ್ತೇವೆ. ಸೊಂಟ ಹೋಗಿದೆ. ಇನ್ನೆರಡು ವರ್ಷ ಎಳೆದರೆ ನಿವೃತ್ತಿ. ಮೂರರಿಂದ ನಾಲ್ಕರವರೆಗೆ ಬೆಂಚಿನ ಮೇಲೆ ಕಾಲು ಚಾಚದಿದ್ದರೆ ಮರುದಿನ ಅವಳಿಗೆ ಮಂಚದಿಂದ ಏಳಲಾಗುವುದಿಲ್ಲ.

ಈ ವ್ಯವಸ್ಥೆಯ ನಡುವೆ ನನ್ನ ತಂಗಿಯ ಗಂಡ ಬಂದ.

ಅವನ ಕಸುಬು ತೂಕದ ಇನ್‌ಸ್ಪೆಕ್ಟರ್. ನಮ್ಮ ದೇಶದಲ್ಲಿ ಅಂಗಡಿ, ಗೋದಾಮು, ಮಂಡಿಗಳ ತಕ್ಕಡಿಗಳನ್ನು ಪರೀಕ್ಷೆ ಮಾಡಿ, ಸರಿಯಿದ್ದರೆ ಸೀಲು ಹಾಕುವುದು, ತಪ್ಪಿದ್ದರೆ ಬೀಗ ಜಡಿಯುವುದು. ಹದಿನೇಳು ವರ್ಷ ಅದನ್ನೇ ಮಾಡಿದ. ಆಮೇಲೆ ಊರಿನಲ್ಲಿ ಬಂದೂಕಿನವರ ಆಡಳಿತ ಬಂತು. ಅವರು ಜನರಿಂದ ಧಾನ್ಯ ಅಳೆಸಿಕೊಳ್ಳುತ್ತಿದ್ದ ಗೋದಾಮಿನ ತಕ್ಕಡಿ ಚೀಲಕ್ಕೆ ಹನ್ನೆರಡು ಕಿಲೋ ಕಮ್ಮಿ ತೋರಿಸುತ್ತಿತ್ತು. ಊರಿಗೆಲ್ಲ ಗೊತ್ತಿತ್ತು. ಇವನು ಒಂದು ದಿನ ಬೆಳಗ್ಗೆ ಹೋಗಿ ಅದಕ್ಕೆ ಬೀಗ ಜಡಿದು, ಚೀಟಿ ಅಂಟಿಸಿ, ದಿನಾಂಕ ಬರೆದು, ಸಹಿ ಹಾಕಿ ಮನೆಗೆ ಬಂದು ಊಟಕ್ಕೆ ಕೂತನಂತೆ. ಊಟ ಮುಗಿಯುವ ಮೊದಲು ಊರು ಬಿಡಬೇಕಾಯಿತು. ಹನ್ನೆರಡು ಕಿಲೋಗೆ ಒಂದು ಮನೆ, ಹಿತ್ತಿಲು ಮತ್ತು ನನ್ನ ತಂಗಿಯ ಹೊಲಿಗೆ ಯಂತ್ರ ಹೋಯಿತು. ಗಡಿಯ ಹತ್ತಿರದ ಒಂದು ದೊಡ್ಡ ಗೋದಾಮಿನಲ್ಲಿ, ಪರದೆ ಕಟ್ಟಿದ ಸಾಲುಗಳ ನಡುವೆ, ತಂಗಿಯೂ ಏಳು ವರ್ಷದ ಮಗಳೂ ಉಳಿದರು. ಒಬ್ಬರಿಗೆ ಮಾತ್ರ ಕಾಗದ ಸಿಕ್ಕಿತು. ಇವನು ಬಂದ.

ನನ್ನ ಮನೆ ಎರಡು ಕೋಣೆಯದು. ಗಂಡ ತೀರಿಕೊಂಡ ಮೇಲೆ ಒಂದು ಕೋಣೆ ಖಾಲಿಯಿತ್ತು, ಕೊಟ್ಟೆ. ಬಂದ ವಾರದಲ್ಲೇ ನನ್ನ ಅಡುಗೆಮನೆಯ ಸಣ್ಣ ತಕ್ಕಡಿಯನ್ನು ಬಿಚ್ಚಿ ಸರಿ ಮಾಡಿದ. ಗೋಡೆ ಗಡಿಯಾರ ದಿನಕ್ಕೆ ಎರಡು ನಿಮಿಷ ಮುಂದೆ ಓಡುತ್ತದೆಂದು ಅದನ್ನೂ ಸರಿ ಮಾಡಿ, ದಿನಾ ಬೆಳಗ್ಗೆ ತಾನೇ ಕೀಲಿ ಕೊಡತೊಡಗಿದ. ತರಕಾರಿ ಅಂಗಡಿಯವನು ನಲವತ್ತು ಗ್ರಾಂ ಜಾಸ್ತಿ ಕೊಟ್ಟಿದ್ದಾನೆಂದು ಎರಡು ಈರುಳ್ಳಿ ವಾಪಸ್ಸು ಕೊಡಲು ಹೋಗಿ ಬೈಸಿಕೊಂಡು ಬಂದ. ಭಾಷೆಯ ತರಗತಿಯಲ್ಲಿ ಇವನೇ ಮೊದಲಿಗ. ಇಲ್ಲಿಯವರೇ ತಪ್ಪಾಗಿ ಬರೆಯುವ ಪದಗಳನ್ನು ಸರಿಯಾಗಿ ಬರೆಯುತ್ತಿದ್ದ. ನಾನು ಮೇಸ್ತ್ರಿಯ ಕೈಕಾಲು ಹಿಡಿದು ಕಾರ್ಖಾನೆಯಲ್ಲಿ ಕೆಲಸ ಕೊಡಿಸಿ, ನನ್ನೆದುರಿಗೇ ಶೀಟು ಹಿಡಿಯಲು ನಿಲ್ಲಿಸಿಕೊಂಡೆ. ಅವನು ಚಹಾದ ಹೊತ್ತಿನಲ್ಲಿ ಬೆಂಚಿನ ಕಡೆ ಹೋಗುತ್ತಿರಲಿಲ್ಲ. ಹಿಂಬಾಗಿಲಿನಲ್ಲಿ ನಿಂತು ತಕ್ಕಡಿಯನ್ನು ನೋಡುತ್ತಿದ್ದ. ಮನೆಯವರ ನೆನಪಾಗಿರಬೇಕು ಎಂದುಕೊಂಡೆ. ಮಂಗ ನಾನು.

ಹೀಗೆ ಎಂಟನೇ ತಿಂಗಳಲ್ಲಿ ಒಂದು ದಿನ ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಬಂದು, ಸೋಪಿನ ಖಾಲಿ ಕ್ಯಾನುಗಳಿಗೆ ಐದೈದು ಲೀಟರ್ ನೀರು ತುಂಬಿ, ತಕ್ಕಡಿಯ ಮೇಲಿಟ್ಟು, ಕಂಬದ ಹಿಂದಿನ ಮುಚ್ಚಳ ಬಿಚ್ಚಿ, ಒಂದು ಗಂಟೆಯಲ್ಲಿ ಮುಳ್ಳನ್ನು ಸೊನ್ನೆಗೆ ತಂದ. ಖಾಲಿ ಕ್ಯಾನುಗಳನ್ನು ಮೊದಲೇ ಮನೆಗೆ ತಂದು ನನ್ನ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದನಂತೆ. ಕೆಲಸ ಮುಗಿಸಿ ಕಂಬಕ್ಕೆ ಒಂದು ಚೀಟಿ ಅಂಟಿಸಿದ. ಪರೀಕ್ಷಿಸಲಾಗಿದೆ, ಸರಿಯಾಗಿದೆ. ದಿನಾಂಕ. ಸಹಿ. ಒಂದು ಅಕ್ಷರವೂ ತಪ್ಪಿರಲಿಲ್ಲ. ಎಲ್ಲರೂ ಬಂದು ಬೆನ್ನು ತಟ್ಟುತ್ತಾರೆಂದು ಕೈಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದ.

ಆವತ್ತು ಮೂರು ಗಂಟೆಗೆ ಇನ್ನೂ ಒಂಬತ್ತು ಹೇರು ಬಾಕಿಯಿತ್ತು. ಐದೂಕಾಲರವರೆಗೆ ದುಡಿದೆವು. ಅಜ್ಜಿ ಗೋಡೆ ಹಿಡಿದುಕೊಂಡು ಮನೆಗೆ ಹೋದಳು.

ಇಷ್ಟೇ ಆಗಿದ್ದರೆ ನಾಲ್ಕು ದಿನ ಬೈಸಿಕೊಂಡು ಮುಗಿಯುತ್ತಿತ್ತು. ಆದರೆ ಅದೇ ವಾರ ವಲಸೆ ಕಚೇರಿಯಿಂದ ಅವನ ಫಾರಂ ಬಂತು. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳುವ ಫಾರಂ. ಹದಿನಾಲ್ಕು ಪುಟ. ಹದಿಮೂರು ಪುಟ ಅವನು ಒಂದೇ ಸಂಜೆಯಲ್ಲಿ ತುಂಬಿದ. ಕೊನೆಯ ಪುಟದಲ್ಲಿ ಒಂದೇ ಒಂದು ವಾಕ್ಯ: ಅರ್ಜಿದಾರನು ಇಲ್ಲಿಯ ಜನರೊಂದಿಗೆ ಬೆರೆತಿದ್ದಾನೆಂದು ನಾವು ಬಲ್ಲೆವು. ಕೆಳಗೆ ಮೂರು ಗೆರೆ. ಜೊತೆಯಲ್ಲಿ ಕೆಲಸ ಮಾಡುವ, ಈ ದೇಶದಲ್ಲೇ ಹುಟ್ಟಿದ ಮೂರು ಜನ ಸಹಿ ಮಾಡಬೇಕು. ನನ್ನ ಸಹಿ ನಡೆಯುವುದಿಲ್ಲ. ಇಪ್ಪತ್ತೆರಡು ವರ್ಷವಾಗಿದ್ದರೂ ಹುಟ್ಟಿದ್ದನ್ನು ತಿದ್ದಲಾಗುವುದಿಲ್ಲವಲ್ಲ. ಹನ್ನೆರಡು ದಿನದೊಳಗೆ ಕೊಡಬೇಕು, ತಪ್ಪಿದರೆ ಸರದಿ ಹಿಂದೆ ಹೋಗಿ ಮತ್ತೆ ಎರಡು ವರ್ಷ.

ನಮ್ಮ ಪಾಳಿಯಲ್ಲಿ ಇಲ್ಲೇ ಹುಟ್ಟಿದವರು ಸರಿಯಾಗಿ ಮೂರು ಜನ. ಮೇಸ್ತ್ರಿ, ಅಜ್ಜಿ, ಮತ್ತು ಮೂಟೆ ಹೇರುವ ಉದ್ದಣ್ಣ. ಉದ್ದಣ್ಣ ಎಂದು ಹೆಸರಿಟ್ಟವಳು ನಾನು. ಅವನು ಬಾಗಿಲಿನಲ್ಲಿ ತಲೆ ಬಗ್ಗಿಸದೆ ಒಳಗೆ ಬರಲಾರ.

ಇವನು ಫಾರಂ ಹಿಡಿದು ಮೂವರ ಹತ್ತಿರವೂ ಹೋದ. ಇಲ್ಲಿಯ ಜನ ಆಗುವುದಿಲ್ಲ ಎಂದು ಮುಖದ ಮೇಲೆ ಹೇಳುವವರಲ್ಲ. ಮೇಸ್ತ್ರಿ ಕನ್ನಡಕ ಮನೆಯಲ್ಲಿ ಬಿಟ್ಟಿದ್ದೇನೆ ಎಂದ, ಕನ್ನಡಕ ಅವನ ಹಣೆಯ ಮೇಲೇ ಇತ್ತು. ಉದ್ದಣ್ಣ ತನ್ನ ಪೆನ್ನನ್ನು ಜೋರಾಗಿ ಒದರಿ, ಇಂಕು ಬರ್ತಿಲ್ಲ ನೋಡು ಎಂದು, ಅದೇ ಪೆನ್ನಿನಿಂದ ಹೇರಿನ ತೂಕ ಬರೆದುಕೊಂಡ. ಅಜ್ಜಿ ಮಾತ್ರ ಫಾರಂ ಕೈಗೆ ತೆಗೆದುಕೊಂಡು ಪೂರ್ತಿ ಓದಿದಳು. ಓದಿ, ಬೆರೆತಿದ್ದಾನೆ ಅಂತ ಬರ್ದಿದೆ, ನಾನು ವಯಸ್ಸಾದೋಳು, ಸುಳ್ಳು ಹೇಳ್ಬಾರ್ದು ಎಂದು ಮರಳಿ ಕೊಟ್ಟಳು.

ಐದನೇ ದಿನ ಉದ್ದಣ್ಣ ತಾಳ್ಮೆ ಕಳೆದುಕೊಂಡು, ಹದಿನಾಲ್ಕು ವರ್ಷದ ಹಿಂದೆ ಲಾರಿ ಮಾಡಿದ್ದನ್ನು ತಾನು ಮಾಡುತ್ತೇನೆಂದು ಹೊರಟ. ಮೂಟೆ ಸಾಗಿಸುವ ಕೈಗಾಡಿಯನ್ನು ದೂರದಿಂದ ಓಡಿಸಿಕೊಂಡು ಬಂದು ಕಂಬಕ್ಕೆ ಗುದ್ದಿದ. ನಾವೆಲ್ಲ ನೋಡುತ್ತಿದ್ದೆವು. ಮುಳ್ಳು ನಡುಗಿ, ಸೊನ್ನೆಯಿಂದ ಇಳಿದು, ಎರಡು ಕಿಲೋ ಕಮ್ಮಿಗೆ ನಿಂತಿತು. ಈಗ ನಲವತ್ತೊಂದು ಕಿಲೋ ಹೇರಿದರೆ ಮೂವತ್ತೊಂಬತ್ತು. ಆ ದಿನ ಮನೆಗೆ ಹೋಗುವಾಗ ಆರು ಗಂಟೆ. ಮರುದಿನ ಬೆಳಗ್ಗೆ ನನ್ನ ತಂಗಿಯ ಗಂಡ ಯಾರೂ ಕೇಳದಿದ್ದರೂ ಹತ್ತು ನಿಮಿಷದಲ್ಲಿ ಮುಳ್ಳನ್ನು ಮತ್ತೆ ಸೊನ್ನೆಗೆ ತಂದು ಹೊಸ ಚೀಟಿ ಅಂಟಿಸಿದ. ಉದ್ದಣ್ಣನಿಗೆ ನೋಯಿತೆಂದು ಅವನ ಮೊಣಕೈಗೆ ಹಚ್ಚಲು ಮುಲಾಮನ್ನೂ ತಂದುಕೊಟ್ಟ. ಇವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಅದೇ ಎಲ್ಲರ ಹೊಟ್ಟೆ ಉರಿಸಿದ್ದು.

ಆ ಮಧ್ಯಾಹ್ನ ಮೇಸ್ತ್ರಿ ನನ್ನನ್ನು ಗೋದಾಮಿನ ಮೂಲೆಗೆ ಕರೆದ. ತಾನು ಯಾರನ್ನೂ ಏನನ್ನೂ ಕೇಳುತ್ತಿಲ್ಲವಂತೆ. ತಕ್ಕಡಿ ಸರಿಯಿರಬೇಕು ಎಂಬುದು ಕಾನೂನಂತೆ. ಆದರೆ ತಕ್ಕಡಿ ಮೊದಲಿದ್ದ ಹಾಗೆ ಇದ್ದಾಗ ಜನರ ಮನಸ್ಸು ತಿಳಿಯಾಗಿರುತ್ತಿತ್ತು, ಮನಸ್ಸು ತಿಳಿಯಾಗಿದ್ದಾಗ ಕಳೆದುಹೋದ ಕನ್ನಡಕ, ಪೆನ್ನುಗಳೆಲ್ಲ ಸಿಗುತ್ತವೆ, ಅಷ್ಟನ್ನು ಮಾತ್ರ ಹೇಳುತ್ತಿದ್ದೇನೆ ಎಂದ. ಕೆಡಿಸುವುದಕ್ಕೂ ಬಲ್ಲವನೇ ಬೇಕು ಎಂದು ಉದ್ದಣ್ಣನ ಕೈಗಾಡಿಯಿಂದ ಎಲ್ಲರಿಗೂ ಮನವರಿಕೆಯಾಗಿತ್ತು. ನಾನು ಒಪ್ಪಿಕೊಂಡು ಬಂದೆ. ಉಳಿದದ್ದು ಆರು ದಿನ.

ಮನೆಗೆ ಬಂದು ಅವನನ್ನು ಎದುರಿಗೆ ಕೂರಿಸಿಕೊಂಡೆ. ಮೊದಲು ಸಮಾಧಾನವಾಗಿ ಹೇಳಿದೆ. ನನಗೆ ಸಮಾಧಾನ ಎರಡು ನಿಮಿಷಕ್ಕಿಂತ ಹೆಚ್ಚು ಬರುವುದಿಲ್ಲ. ಅಲ್ಲಿಯ ತಕ್ಕಡಿ ಬಡವರ ಹೊಟ್ಟೆಗೆ ಕನ್ನ ಹಾಕುತ್ತಿತ್ತು, ಬೀಗ ಜಡಿದೆ, ಭೇಷ್. ಇಲ್ಲಿಯದು ಒಬ್ಬ ಮುದುಕಿಯ ಸೊಂಟಕ್ಕೆ ಒಂದು ಗಂಟೆ ಕೊಡುತ್ತಿತ್ತು. ಎರಡೂ ಒಂದೇ ಏನೋ ಎಂದು ಕೇಳಿದೆ.

"ತಕ್ಕಡಿಗೆ ಅದು ಗೊತ್ತಾಗಲ್ಲ ಅಕ್ಕಾ."

"ತಕ್ಕಡಿಗೆ ಗೊತ್ತಾಗೋದು ಬೇಡ. ನಿಂಗೆ ಗೊತ್ತಾದ್ರೆ ಸಾಕು."

"ನಂಗೆ ಗೊತ್ತಾಗುತ್ತೆ. ಅದಕ್ಕೇ ಕಷ್ಟ. ಇವತ್ತು ಒಳ್ಳೇದಕ್ಕೆ ತಪ್ಪು ಮಾಡ್ತೀನಿ. ಹಾಗಾದ್ರೆ ಆವತ್ತು ಸುಮ್ನೆ ಇದ್ದಿದ್ರೆ ಏನಾಗ್ತಿತ್ತು? ಅವಳೂ ಮಗೂನೂ ಮನೇಲೇ ಇರ್ತಿದ್ರು. ಅವಳು ಬೇಡಾ ಬೇಡಾ ಅಂತ ಬಾಗ್ಲಿಗೆ ಅಡ್ಡ ನಿಂತಿದ್ಳು ಅಕ್ಕಾ. ಸರಿಸಿ ಹೋಗಿದ್ದೆ."

ಅವನು ಒಟ್ಟಿಗೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಾನು ಪಾತ್ರೆ ತೊಳೆಯಲು ಎದ್ದೆ. ಒಂದು ಬಟ್ಟಲು ಒಡೆದೆ.

ಭಾನುವಾರ ತಂಗಿಯ ಫೋನು ಬಂತು. ಅಲ್ಲಿ ಇಡೀ ಸಾಲಿಗೆ ಒಂದೇ ಫೋನು, ಒಬ್ಬರಿಗೆ ಎಂಟು ನಿಮಿಷ. ಮಗಳ ಮುಂದಿನ ಎರಡು ಹಲ್ಲು ಬಿದ್ದಿವೆ, ಅಪ್ಪ ನೋಡುವ ಮೊದಲು ಹೊಸ ಹಲ್ಲು ಬಂದುಬಿಟ್ಟರೆ ಏನು ಮಾಡುವುದೆಂದು ಅವಳಿಗೆ ಚಿಂತೆಯಂತೆ. ಪಕ್ಕದ ಪರದೆಯವರಿಗೆ ಕೆಮ್ಮು. ಇವನು ಸ್ನಾನಕ್ಕೆ ಹೋಗಿದ್ದ. ನಾನು ಗೋಡೆಯ ಕಡೆ ತಿರುಗಿ ನಿಂತು ತಂಗಿಗೆ ಎಲ್ಲವನ್ನೂ ಹೇಳಿದೆ. ಎಂಟರಲ್ಲಿ ನಾಲ್ಕು ನಿಮಿಷ ಅದಕ್ಕೇ ಹೋಯಿತು.

"ಮಾಡ್ಸು ಅಕ್ಕ," ಎಂದಳು ಆಮೇಲೆ. "ಹೇಗಾದ್ರೂ ಮಾಡ್ಸು. ಆದ್ರೆ ನಂಗೆ ಗೊತ್ತು ಅಂತ ಅವರಿಗೆ ಗೊತ್ತಾಗ್ಬಾರ್ದು."

"ಯಾಕೆ?"

"ಗೊತ್ತಾದ್ರೆ ಅವರು ನನ್ನ ಮುಖ ನೋಡಲ್ಲ. ನಾನೂ ಅವರ ಮುಖ ನೋಡೋಕಾಗಲ್ಲ. ಇಲ್ಲಿಗೆ ಬಂದಾಗಿಂದ ಎಲ್ಲಾ ಹೆಂಗಸರಿಗೂ ನನ್ನ ಗಂಡ ಯಾಕೆ ಊರು ಬಿಟ್ಟ ಅಂತ ಹೇಳ್ಕೊಂಡು ಓಡಾಡಿದೀನಿ ಕಣೆ."

ಅವನು ತಲೆ ಒರೆಸಿಕೊಳ್ಳುತ್ತಾ ಬಂದಾಗ ಎರಡು ನಿಮಿಷ ಉಳಿದಿತ್ತು. ಫೋನು ಮಗಳ ಕೈಗೆ ಹೋಗಿತ್ತು. ಅವಳು ಹಲ್ಲಿಲ್ಲದ ಬಾಯಲ್ಲಿ ಒಂದರಿಂದ ಇಪ್ಪತ್ತರವರೆಗೆ ಇಲ್ಲಿಯ ಭಾಷೆಯಲ್ಲಿ ಎಣಿಸಿದಳು. ಹದಿನಾರನ್ನು ಬಿಟ್ಟಳು. ಇವನು ತಿದ್ದಲಿಲ್ಲ. ನಾನು ಅವನನ್ನೇ ನೋಡುತ್ತಿದ್ದೆ, ತಿದ್ದಲೇ ಇಲ್ಲ.

ಮಂಗಳವಾರ ಬೆಳಗ್ಗೆ, ಕೆಲಸ ಶುರುವಾಗುವ ಎರಡು ಗಂಟೆ ಮೊದಲು, ಅವನು ಕ್ಯಾನುಗಳಿಗೆ ನೀರು ತುಂಬತೊಡಗಿದ. ನಾನೂ ಅವನ ಜೊತೆಗೇ ಬಂದಿದ್ದೆ. ಸುದ್ದಿ ಹೇಗೆ ಹೋಯಿತೋ, ಮೇಸ್ತ್ರಿ, ಅಜ್ಜಿ, ಉದ್ದಣ್ಣ ಮೂವರೂ ಬಂದು ಸಾಲಾಗಿ ನಿಂತರು. ಅವನು ಕಂಬದ ಮುಚ್ಚಳ ಬಿಚ್ಚಿ ಒಳಗೆ ಕೈ ಹಾಕಿ, ಮುಖ ತಿರುಗಿಸದೆ, ಒಂಬತ್ತೇನಾ ಎಂದು ಕೇಳಿದ. ಉದ್ದಣ್ಣ, ಹೇಗೂ ಮಾಡ್ತಿದ್ದೀಯಲ್ಲ, ಹತ್ತು ಮಾಡಿಬಿಡು ಎಂದ. ಮೇಸ್ತ್ರಿ ಅವನನ್ನು ಗದರಿಸಿ, ಒಂಬತ್ತು ಸಾಕು, ದುರಾಸೆ ಬೇಡ ಎಂದ. ಹದಿನಾಲ್ಕು ವರ್ಷ ಯಾರ ಬಾಯಲ್ಲೂ ಬಾರದ ಆ ಅಂಕಿಯನ್ನು ಅಲ್ಲಿ ಮೊದಲ ಸಲ ಗಟ್ಟಿಯಾಗಿ ಹೇಳಿದ್ದು ಆವತ್ತೇ.

ಕೆಡಿಸಲು ಅವನಿಗೆ ಸರಿ ಮಾಡಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಒಮ್ಮೆ ಎಂಟೂವರೆಗೆ ನಿಂತಿತು. ನಾವೆಲ್ಲ ಸಾಕು ಸಾಕು ಎಂದೆವು. ಅವನು ಕೇಳಲಿಲ್ಲ. ಹತ್ತು ಕ್ಯಾನು ಇಟ್ಟು ನೋಡಿದ, ಐದು ಇಟ್ಟು ನೋಡಿದ, ಖಾಲಿ ನೋಡಿದ. ಮೂರು ಸಲವೂ ಕೂದಲೆಳೆಯಷ್ಟು ಆಚೀಚೆಯಾಗದೆ ಒಂಬತ್ತು ಹೆಚ್ಚು ಬಂದ ಮೇಲೆ ಮುಚ್ಚಳ ಹಾಕಿದ. ತನ್ನ ಚೀಟಿಯನ್ನು ಉಗುರಿನಿಂದ ಕೆರೆದು ತೆಗೆದು, ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ.

ಫಾರಂ ನನ್ನ ಕೈಚೀಲದಲ್ಲಿತ್ತು. ಕನ್ನಡಕ ಸಿಕ್ಕಿತು. ಉದ್ದಣ್ಣನ ಪೆನ್ನಿನಲ್ಲಿ ಇಂಕು ಬಂತು. ಅಜ್ಜಿ ಬರೀ ಸಹಿ ಮಾಡಿ ಸುಮ್ಮನಾಗದೆ, ಅಂಚಿನಲ್ಲಿದ್ದ ಖಾಲಿ ಜಾಗದಲ್ಲಿ 'ಇವನು ನಮ್ಮವನೇ' ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಅದರಲ್ಲಿ ಒಂದು ಅಕ್ಷರ ತಪ್ಪಿತ್ತು. ಅವನು ನೋಡಿದ್ದನ್ನು ನಾನು ನೋಡಿದೆ.

ಆ ಮಧ್ಯಾಹ್ನ ಮೂರಕ್ಕೆ ಕೆಲಸ ಮುಗಿಯಿತು. ಅಜ್ಜಿ ಬೆಂಚಿನ ಮೇಲಿಂದ ಕಾಲು ತೆಗೆದು, ಖಾಲಿಯಾದ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಅವನು ಹೋಗಿ ಕೂತ. ಯಾರೋ ಅವನ ಕೈಗೆ ಲೋಟ ಕೊಟ್ಟರು. ಉದ್ದಣ್ಣ ಏನೋ ತಮಾಷೆ ಮಾಡಿದ, ಎಲ್ಲರೂ ನಕ್ಕರು. ಇವನೂ ಒಂದು ಗಳಿಗೆ ತಡವಾಗಿ ನಕ್ಕ.

ಮಂಜೂರಾತಿ ಬರಲು ನಾಲ್ಕು ತಿಂಗಳು ಹಿಡಿಯಿತು. ಅದರಲ್ಲೊಂದು ಷರತ್ತಿತ್ತು: ಕುಟುಂಬ ಬಂದ ದಿನದಿಂದ ಮೂವತ್ತು ದಿನ ಅರ್ಜಿದಾರ ಅದೇ ಕೆಲಸದಲ್ಲಿರಬೇಕು. ಅದನ್ನು ನಾನು ಓದಿ ಮರೆತೆ. ಆ ನಾಲ್ಕು ತಿಂಗಳಲ್ಲಿ ಅವನು ಕಾರ್ಖಾನೆಯ ಎಲ್ಲರಿಗೂ ಬೇಕಾದವನಾದ. ಬಂದಾಗ ತೋಳು ಹಿಡಿದು ಮಾತಾಡಿಸುತ್ತಿದ್ದರು, ಅಜ್ಜಿ ಅವನಿಗೆಂದು ಒಂದು ಸ್ವೆಟರ್ ಹೆಣೆದಳು. ಮಾತಿಗೆ ಮಾತು ಕೊಡಲು ಕಲಿತ. ಮನೆಯಲ್ಲಿ ಮಾತ್ರ ಗೋಡೆ ಗಡಿಯಾರ ನಿಂತಿತ್ತು. ಕೀಲಿ ಕೊಡುವುದನ್ನು ಯಾವ ದಿನ ಬಿಟ್ಟನೋ ಗೊತ್ತಿಲ್ಲ, ನಾನು ನೋಡಿದಾಗ ಏಳೂ ಇಪ್ಪತ್ತಕ್ಕೆ ನಿಂತಿತ್ತು. ತರಕಾರಿ ತಂದರೆ ಕವರನ್ನು ತೂಗದೆ ಹಾಗೇ ಇಡುತ್ತಿದ್ದ. ಒಳ್ಳೆಯದಾಯಿತು, ಅಂತೂ ಮನುಷ್ಯನಾದ ಎಂದುಕೊಂಡೆ. ಎದುರಿಗೆ ಹೇಳಿಯೂ ಹೇಳಿದೆ. ಹೌದಕ್ಕಾ ಎಂದ.

ತಂಗಿ, ಮಗಳು ಬಂದರು. ಮಗಳಿಗೆ ಹೊಸ ಹಲ್ಲು ಅರ್ಧ ಬಂದಿದ್ದವು, ಅಪ್ಪನಿಗೆ ತೋರಿಸಲು ದಾರಿಯುದ್ದಕ್ಕೂ ಬಾಯಿ ತೆರೆದುಕೊಂಡೇ ಬಂದಿದ್ದಳು. ತಂಗಿ ಸೊರಗಿದ್ದಳು. ಮೊದಲ ರಾತ್ರಿ ಊಟಕ್ಕೆ ಕೂತಾಗ, ಸಹಿಗಳೆಲ್ಲ ಸುಲಭವಾಗಿ ಸಿಕ್ಕಿದವಾ ಎಂದು ಗಂಡನನ್ನು ಕೇಳಿದಳು. ಏನೂ ಗೊತ್ತಿಲ್ಲದವಳ ಹಾಗೆ ಚೆನ್ನಾಗಿಯೇ ಕೇಳಿದಳು. ಅವನು ಇಲ್ಲಿಯ ಜನ ಬಹಳ ಒಳ್ಳೆಯವರು ಎಂದ. ಅವಳು ಅನ್ನದಲ್ಲಿ ಬೆರಳಾಡಿಸಿದಳು. ಅವನು ಹೆಂಡತಿಯ ಬೆರಳನ್ನೇ ನೋಡಿ, ಆಮೇಲೆ ನನ್ನ ಕಡೆ ನೋಡಿದ. ಹದಿನೇಳು ವರ್ಷ ಕೂದಲೆಳೆಯ ವ್ಯತ್ಯಾಸ ಹುಡುಕಿ ಅಭ್ಯಾಸವಾದ ಕಣ್ಣು. ನಾನು ನೀರು ತರುವ ನೆಪದಲ್ಲಿ ಎದ್ದೆ.

ಅವರಿಗೆ ಎರಡು ಬೀದಿಯಾಚೆ ಒಂದು ಮನೆ ನೋಡಿಕೊಟ್ಟೆ. ಹೊಸ ಬಾಡಿಗೆಮನೆ, ಗೋಡೆಗೆ ಇನ್ನೂ ಬಣ್ಣದ ವಾಸನೆಯಿತ್ತು. ಮಗಳು ಶಾಲೆಗೆ ಹೋಗತೊಡಗಿದಳು. ಇವನು ದಿನಾ ನನ್ನೆದುರು ನಿಂತು ಶೀಟು ಮಡಿಸುತ್ತಿದ್ದ.

ಅದೊಂದು ಬುಧವಾರ. ಮೂರಕ್ಕೆ ಐದು ನಿಮಿಷವಿತ್ತು, ಯಂತ್ರ ಕೊನೆಯ ಶೀಟನ್ನು ಉಗುಳಿತು. ಎಳೆದೆವು, ಅರ್ಧ ಮಾಡಿದೆವು. ಅವನು ನಡೆದು ಬಂದು ತನ್ನ ಎರಡು ತುದಿಗಳನ್ನು ನನ್ನ ಬೆರಳುಗಳ ನಡುವೆ ಇಟ್ಟು, ನಾನು ಹಿಡಿದೆನೆಂದು ಖಾತ್ರಿಯಾದ ಮೇಲೆ ಬಿಟ್ಟ. ಗೂಟದಲ್ಲಿದ್ದ ಕೋಟು ತೆಗೆದುಕೊಂಡ. ಅಜ್ಜಿಯ ಸ್ವೆಟರನ್ನು ಅದರ ಕೆಳಗೆ ಹಾಕಿಕೊಂಡಿದ್ದ.

"ಎಲ್ಲಿಗೋ?" ಎಂದೆ.

"ಇವತ್ತಿಗೆ ಮೂವತ್ತು ದಿನ ಆಯ್ತು ಅಕ್ಕಾ."

ನನಗೆ ಕೂಡಲೇ ಹೊಳೆಯಲಿಲ್ಲ. ಅವನು ಹಿಂಬಾಗಿಲ ಕಡೆ ಹೊರಟ. ಮಂಜೂರಾತಿಯ ಷರತ್ತು ಮುಗಿಯಿತೆಂದು ಕೆಲಸ ಬಿಟ್ಟು ಹೊರಟಿದ್ದಾನೆಂದು ಹೊಳೆದ ಮೇಲೆ ನಾನು ಶೀಟನ್ನು ಹಿಡಿದುಕೊಂಡೇ ಹಿಂದೆ ಹೋದೆ. ನಾಲ್ಕು ಮನೆಯವರಿಗೆ ಕೇಳುವಂತೆ ಬೈಯಬೇಕೆಂದು ಬಾಯಿ ತೆರೆದಿದ್ದೆ. ಹೆಂಡತಿ ಮಗು ಬಂದದ್ದು ಯಾರಿಂದ, ಸೊಂಟ ನೋವಿನ ಆ ಮುದುಕಿ ಸ್ವೆಟರ್ ಹೆಣೆದದ್ದು ಯಾರಿಗೆ, ಎಲ್ಲ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಅವನು ತಕ್ಕಡಿಯ ಹಲಗೆಯ ಮೇಲೆ ಹತ್ತಿ ನಿಂತ. ಮುಳ್ಳು ಎದ್ದು, ತೂಗಾಡಿ, ಎಪ್ಪತ್ತೊಂದಕ್ಕೆ ನಿಂತಿತು. ಅವನು ಕೋಟು ಸಮೇತ ಅರವತ್ತೆರಡು ಕಿಲೋ ಇದ್ದಾನೆಂದು ನನಗೆ ಗೊತ್ತು, ವಲಸೆ ಕಚೇರಿಯ ವೈದ್ಯರು ಹಿಂದಿನ ವಾರ ಬರೆದುಕೊಟ್ಟಿದ್ದರು. ಅವನು ಮುಳ್ಳನ್ನು ಸ್ವಲ್ಪ ಹೊತ್ತು ನೋಡಿದ.

"ಒಂಬತ್ತು," ಎಂದ. "ಸರಿಯಾಗೇ ಇದೆ. ಅಜ್ಜಿ ನಿವೃತ್ತಿ ಆಗೋವರೆಗೂ ಏನೂ ಆಗಲ್ಲ."

ಕೆಳಗಿಳಿದ. ಮುಳ್ಳು ಒಂಬತ್ತಕ್ಕೆ ಮರಳಿತು. ಕೋಟಿನ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಹಾಕಿಕೊಂಡು, ಲಾರಿಗಳು ನಿಲ್ಲುವ ಅಂಗಳ ದಾಟಿ, ಗೇಟಿನಿಂದ ಹೊರಗೆ ಹೋದ. ನಾನು ಬೈಯಲಿಲ್ಲ. ಕೈಯಲ್ಲಿ ಶೀಟಿನ ನಾಲ್ಕೂ ತುದಿಗಳಿದ್ದವು, ಒಬ್ಬಳೇ ಎದೆಗೆ ಒತ್ತಿಕೊಂಡು ಮಡಿಸಿದೆ. ಅದು ನೀಟಾಗಿ ಬರಲಿಲ್ಲ.

ಒಂದು ವಾರ ಬೆಂಚಿನ ಮೇಲೆ ಅವನ ಜಾಗ ಹಾಗೇ ಇತ್ತು. ಹುಷಾರಿಲ್ವಾ ಎಂದು ಉದ್ದಣ್ಣ ದಿನಾ ಕೇಳುತ್ತಿದ್ದ, ಹೌದು ಎನ್ನುತ್ತಿದ್ದೆ. ಎಂಟನೇ ದಿನ ಅಜ್ಜಿ ಏನನ್ನೂ ಕೇಳದೆ ಆ ಜಾಗದಲ್ಲಿ ಕಾಲು ಚಾಚಿಕೊಂಡಳು.